ಊರಲ್ಲಿ ಎಲ್ಲಿ?

ನಸೀಮಾ ಬೆಳಿಗ್ಗೆ ಏಳುವುದಿಲ್ಲ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ದೂರು. ಯಾಕೆ ಏಳುವುದಿಲ್ಲ ಎಂದು ಮಾತ್ರ ಯಾರೂ ಕೇಳಲಿಲ್ಲ. ಮಗಳು ಇಲ್ಹಾಮ್ ತಾನೇ ಬ್ರೆಡ್ಡಿಗೆ ಚೀಸ್ ಹಚ್ಚಿಕೊಂಡು ಇಂಡಿಯನ್ ಸ್ಕೂಲಿನ ಬಸ್ಸು ಹತ್ತುತ್ತಿದ್ದಳು. ಗಂಡ ಮೊಹಿದ್ದೀನ್ ದಾರಿಯಲ್ಲಿ ಚಹಾ ಕುಡಿಯುತ್ತೇನೆ ಎಂದು ಕಾರಿನ ಕೀಲಿ ಎತ್ತಿಕೊಂಡು ದಮ್ಮಾಮಿನ ಆಫೀಸಿಗೆ ಹೊರಡುತ್ತಿದ್ದ. ಊರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಅವನ ತಾಯಿ ಜಮೀಲಮ್ಮ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕಾದದ್ದಕ್ಕಿಂತ ತುಸು ಜೋರಾಗಿಯೇ ತೊಳೆಯುತ್ತಿದ್ದರು. ಅಲ್ ಖೋಬರಿನ ಆ ಹಳೆಯ ಕಟ್ಟಡದ ಗೋಡೆಗಳು ತೆಳು. ಮಲಗುವ ಕೋಣೆಗೆ ಎಲ್ಲವೂ ಕೇಳುತ್ತಿತ್ತು.

ಜಮೀಲಮ್ಮ ಕೆಟ್ಟವರೇನಲ್ಲ. ಸೊಸೆಯ ಬಾಣಂತನಕ್ಕೆಂದು ಸಾಲ್ಮರದಿಂದ ಲೇಹ್ಯ, ಎಣ್ಣೆ, ಮಗುವಿಗೆ ಮೆತ್ತಗಿನ ಹಳೆಬಟ್ಟೆಗಳನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬಂದವರು. ಮಗು ಉಸಿರಿಲ್ಲದೆ ಹುಟ್ಟಿತು. ಆದರೂ ಅವರು ಬಾಣಂತನದಲ್ಲಿ ಏನೂ ಕಡಿಮೆ ಮಾಡಲಿಲ್ಲ. ಮಗುವಿಲ್ಲದ ಬಾಣಂತಿಗೂ ಎಣ್ಣೆ ಹಚ್ಚಿ, ಬಿಸಿನೀರು ಹೊಯ್ದು, ಲೇಹ್ಯ ತಿನ್ನಿಸಿದರು. ಹಳೆಬಟ್ಟೆಗಳು ಮಾತ್ರ ಸೂಟ್‌ಕೇಸಿನಿಂದ ಹೊರಗೆ ಬರಲಿಲ್ಲ. ಬಾಣಂತನ ಮುಗಿಯಿತು, ಇನ್ನು ಸೊಸೆ ಎದ್ದು ಮನೆ ನೋಡಿಕೊಳ್ಳುತ್ತಾಳೆ ಎಂದು ಅವರು ತಿಳಿದಿದ್ದರು. ಸೊಸೆ ಏಳಲಿಲ್ಲ. ಜಮೀಲಮ್ಮನಿಗೆ ಅರ್ಥವಾಗದ್ದು ಬಂದರೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದರೆ ಪಾತ್ರೆ ಸದ್ದು ಮಾಡುತ್ತಿತ್ತು.

ಮಗುವನ್ನು ಖಬರಸ್ತಾನಕ್ಕೆ ಒಯ್ದವರು ಮೊಹಿದ್ದೀನ್ ಮತ್ತು ಅವನ ಆಫೀಸಿನ ಇಬ್ಬರು. ಹೆಂಗಸರು ಅಲ್ಲಿಗೆ ಹೋಗುವ ಕ್ರಮವಿಲ್ಲ. ನಸೀಮಾ ಆಗ ಆಸ್ಪತ್ರೆಯ ಹಾಸಿಗೆಯಲ್ಲಿದ್ದಳು. ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದಳು.

“ಎಲ್ಲಿ ಇಟ್ಟದ್ದು ಅವನನ್ನು? ಗೋಡೆಯ ಹತ್ತಿರವಾ, ಮಧ್ಯದಲ್ಲಾ?”

“ಅಲ್ಲಿ ಎಲ್ಲ ಒಂದೇ ತರ ಉಂಟು ನಸೀಮಾ. ಹೆಸರು ಬರೆಯುವುದಿಲ್ಲ ಇಲ್ಲಿ. ಒಂದೊಂದು ಕಲ್ಲು, ಅಷ್ಟೇ.”

“ನೀವು ಹೋದರೆ ಗುರುತು ಸಿಗ್ತದಾ?”

ಮೊಹಿದ್ದೀನ್ ಅನ್ನ ಕಲಸುತ್ತಿದ್ದವನು ಕಲಸುತ್ತಲೇ ಇದ್ದ. ಅವನು ಒಮ್ಮೆ ಯಾರಿಗೂ ಹೇಳದೆ ಹೋಗಿ ಹುಡುಕಿದ್ದ. ಅಷ್ಟರಲ್ಲಿ ಹೊಸ ಸಾಲುಗಳು ಎದ್ದಿದ್ದವು, ಯಾವ ಕಲ್ಲೆಂದು ಅವನಿಗೆ ಗೊತ್ತಾಗಿರಲಿಲ್ಲ. ಅದನ್ನು ಹೆಂಡತಿಗೆ ಹೇಳುವುದಕ್ಕಿಂತ ಸುಮ್ಮನಿರುವುದು ಒಳ್ಳೆಯದು ಎಂದು ಅವನಿಗೆ ತೋರಿತು. ಜಮೀಲಮ್ಮ ಮಧ್ಯೆ ಬಾಯಿ ಹಾಕಿ, ಅಂಥ ಮಕ್ಕಳು ಸ್ವರ್ಗದ ಹಕ್ಕಿಗಳು, ಅವರ ವಿಷಯ ತೆಗೆದು ಅಳುವುದು ಸರಿಯಲ್ಲ, ಬಂಗುಡೆ ತಣ್ಣಗಾಗುತ್ತದೆ, ಉಣ್ಣಿ ಎಂದರು. ನಸೀಮಾ ಮತ್ತೆ ಆ ವಿಷಯ ತೆಗೆಯಲಿಲ್ಲ. ಏಳುವುದನ್ನು ಬಿಟ್ಟದ್ದು ಅದರ ಮರುದಿನದಿಂದ.

ಫ್ರಿಜ್ಜಿನ ಬಾಗಿಲಿಗೆ ಒಂದು ಚಪ್ಪಟೆ ಮ್ಯಾಗ್ನೆಟ್ ಅಂಟಿಕೊಂಡಿತ್ತು. ಇಲ್ಹಾಮಳ ಸ್ಕೂಲಿನ ಟೈಮ್‌ಟೇಬಲನ್ನು ಹಿಡಿದುಕೊಳ್ಳುವುದು ಅದರ ಕೆಲಸ. ಅದನ್ನು ಹಂಚಿದ್ದು ಕರಾವಳಿ ಬಳಗದವರು, ವರ್ಷಕ್ಕೊಮ್ಮೆ ಬಿರಿಯಾನಿ, ಹಗ್ಗಜಗ್ಗಾಟ, ಭಾಷಣ ಎಲ್ಲ ಇರುವ ಕುಟುಂಬ ಕೂಟದಲ್ಲಿ. ‘ಮನಸ್ಸು ಭಾರವಾಗಿದೆಯೇ? ಮಾತಾಡಿ. ಕನ್ನಡ, ತುಳು, ಬ್ಯಾರಿ. ಹೆಸರು ಹೇಳಬೇಕಾಗಿಲ್ಲ’ ಎಂದು ಬರೆದು ಕೆಳಗೆ ನಂಬರು ಕೊಟ್ಟಿದ್ದರು. ಕೆಲಸಗಾರರ ಕ್ಯಾಂಪಿನ ರೂಮಿನಲ್ಲಿ ಊರಿನ ಹುಡುಗನೊಬ್ಬ ಜೀವ ಕಳೆದುಕೊಂಡು, ಅವನ ಹೆಣ ಕಳಿಸುವುದಕ್ಕೆ ಓಡಾಡಿದ ಮೇಲೆ ಬಳಗದವರಿಗೆ ಬಂದ ಬುದ್ಧಿ ಅದು. ತಡವಾಗಿ ಬಂದರೂ ಒಳ್ಳೆಯ ಬುದ್ಧಿಯೇ.

ಸಹಾಯವಾಣಿ ಎಂದರೆ ದೊಡ್ಡ ಆಫೀಸೇನೂ ಅಲ್ಲ. ಒಂದೇ ಒಂದು ಮೊಬೈಲು. ಅದು ಮಧ್ಯಾಹ್ನ ಒಬ್ಬರ ಮನೆಯಲ್ಲಿ, ಸಂಜೆ ಇನ್ನೊಬ್ಬರ ಮನೆಯಲ್ಲಿ. ಅದನ್ನು ಎತ್ತುವವರಿಗೆ ಮಂಗಳೂರಿನ ಒಬ್ಬ ಡಾಕ್ಟರು ವಿಡಿಯೋದಲ್ಲಿ ಪಾಠ ಮಾಡಿದ್ದರು. ಬುದ್ಧಿ ಹೇಳಬೇಡಿ. ಅವಸರ ಮಾಡಬೇಡಿ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ, ಕೇಳಿದ್ದರಿಂದ ಯಾರೂ ಸಾಯುವುದಿಲ್ಲ. ಅಪಾಯ ಕಂಡರೆ ಆಸ್ಪತ್ರೆಗೆ ಕಳಿಸಿ. ನೀವಾಗಿ ತಿರುಗಿ ಫೋನ್ ಮಾಡಬೇಡಿ, ಅಲ್ಲಿ ಬೇರೆಯವರು ಎತ್ತಿದರೆ ಕಷ್ಟ. ಹೆಸರು ಕೇಳಬೇಡಿ. ಊರು ಕೇಳಬೇಡಿ. ಪಾಠ ಈ ಮಾತಿಗೆ ಬಂದಾಗ ಕೂತವರೆಲ್ಲ ನಕ್ಕುಬಿಟ್ಟಿದ್ದರು. ಸಲಾಂ ಹೇಳಿದ ಮೇಲೆ ಕರಾವಳಿಯವರು ಕೇಳುವ ಮೊದಲ ಮಾತೇ ಅದು. ಊರಲ್ಲಿ ಎಲ್ಲಿ? ಯಾರ ಮನೆ? ಅಷ್ಟು ಗೊತ್ತಾಗದೆ ನಮ್ಮವರಿಗೆ ಎದುರಿನವರ ಮುಖವೇ ಕಾಣುವುದಿಲ್ಲ.

ನಸೀಮಾ ಆ ನಂಬರಿಗೆ ಮಾಡಿದ್ದು ಒಂದು ಮಧ್ಯಾಹ್ನ, ಅತ್ತೆ ಮಲಗಿ ಗೊರಕೆ ಹೊಡೆಯುತ್ತಿದ್ದಾಗ, ಬಾತ್‌ರೂಮಿನ ಬಾಗಿಲು ಹಾಕಿಕೊಂಡು. ಎತ್ತಿದ್ದು ಹೆಂಗಸಿನ ಸ್ವರ. ನಸೀಮಾಳಿಗೆ ಅಳು ಬಿಟ್ಟರೆ ಬೇರೇನೂ ಬರಲಿಲ್ಲ. ಆ ಕಡೆಯವಳು ಅಳಬೇಡ ಎನ್ನಲಿಲ್ಲ. ಸ್ವರ್ಗದ ಹಕ್ಕಿಯ ಮಾತೂ ಆಡಲಿಲ್ಲ. ಅಳು ತುಸು ಇಳಿಯುವವರೆಗೆ ಕಾದಳು.

“ಮೊದಲು ಒಂದು ಗ್ಲಾಸು ನೀರು ತಕೊಳ್ಳಿ. ಕೂತು ಕುಡೀರಿ. ನಾನು ಇಲ್ಲೇ ಇದ್ದೇನೆ.”

ಪ್ರತಿ ಸಲವೂ ಅವಳ ಮಾತು ಹೀಗೇ ಸುರುವಾಗುತ್ತಿತ್ತು. ನಸೀಮಾ ಅವಳನ್ನು ಅಕ್ಕ ಎಂದು ಕರೆಯತೊಡಗಿದಳು. ಎರಡನೆಯ ಸಲವೋ ಮೂರನೆಯ ಸಲವೋ ಅಕ್ಕ ನೇರವಾಗಿ ಕೇಳಿದಳು.

“ಸಾಯಬೇಕು ಅಂತ ಅನಿಸ್ತಾ ಉಂಟಾ?”

ಅಷ್ಟು ದಿನಗಳಲ್ಲಿ ನಸೀಮಾಳನ್ನು ಯಾರೂ ಏನನ್ನೂ ಇಷ್ಟು ನೇರವಾಗಿ ಕೇಳಿರಲಿಲ್ಲ. ಅವಳು ಹೌದು ಎಂದಳು. ಹೇಳಿದ ಕೂಡಲೇ ಎದೆಯಿಂದ ಏನೋ ಇಳಿದಂತಾಯಿತು. ಅಕ್ಕ ಹೆದರಿಕೊಳ್ಳಲಿಲ್ಲ, ಬೈಯಲಿಲ್ಲ, ಪಾಪ ಎನ್ನಲಿಲ್ಲ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಟ್ಟು ಮಾಡಿ ಬೇರೆಯವರ ಕೈಗೆ ಕೊಡಬೇಕು, ಬೀಗದೊಳಗೆ ಇಡಿಸಬೇಕು ಎಂದಳು. ಇವತ್ತೇ ಕೊಡುತ್ತೇನೆ ಎಂದು ಮಾತು ತೆಗೆದುಕೊಂಡಳು. ನಾಳೆ ಇದೇ ಹೊತ್ತಿಗೆ ಮಾಡುತ್ತೀರಲ್ಲ ಎಂದು ಅದಕ್ಕೂ ಮಾತು ತೆಗೆದುಕೊಂಡಳು.

ಸಂಜೆ ನಸೀಮಾ ಮನೆಯ ಮಾತ್ರೆಗಳನ್ನೆಲ್ಲ ಬಿಸ್ಕೆಟಿನ ನೀಲಿ ಡಬ್ಬಕ್ಕೆ ತುಂಬಿ, ನಿಮ್ಮ ಸೂಟ್‌ಕೇಸಿನಲ್ಲಿಟ್ಟು ಬೀಗ ಹಾಕಿ ಎಂದು ಅತ್ತೆಯ ಮುಂದೆ ಇಟ್ಟಳು. ಜಮೀಲಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ.

“ಎಂತಕ್ಕೆ? ನನ್ನ ಬಿಪಿ ಮಾತ್ರೆಗೆ ದಿನಾ ಬೀಗ ತೆಗೀಬೇಕಾ ಇನ್ನು?”

“ಹೌದು ಮಾಮಿ. ಇಲ್ಹಾಮ್ ಏನಾದ್ರೂ ತಿಂದಾಳು ಅಂತ.”

“ಹದಿನಾಲ್ಕು ವರ್ಷದವಳು ಚಾಕಲೇಟ್ ಅಂತ ಬಿಪಿ ಮಾತ್ರೆ ತಿಂತಾಳಾ? ನಿನಗೆ ಎಂತಾಗಿದೆ ಮಾರಾಯ್ತಿ?”

ಮಾತಿಗೆ ಮಾತು ಬೆಳೆಯಿತು. ತಾನು ಮಗನ ಮನೆಯಲ್ಲಿ ಕಾವಲಿಗೆ ಬಂದವಳಲ್ಲ ಎಂದು ಜಮೀಲಮ್ಮ, ಇದೊಂದು ಕೆಲಸ ಮಾಡಿಕೊಡಿ ಎಂದು ನಸೀಮಾ. ಆಫೀಸಿನಿಂದ ಬಂದ ಮೊಹಿದ್ದೀನ್ ಶೂ ಬಿಚ್ಚುವ ಮೊದಲೇ ಇಬ್ಬರ ದೂರೂ ಕೇಳಬೇಕಾಯಿತು. ಒಂದು ಡಬ್ಬಕ್ಕೆ ಇಷ್ಟು ಜಗಳವಾ, ಇಟ್ಟುಕೊಳ್ಳಿ ಉಮ್ಮ, ಸೂಟ್‌ಕೇಸು ಹೇಗೂ ಖಾಲಿ ಉಂಟಲ್ಲ ಎಂದ. ಖಾಲಿ ಇಲ್ಲ ಎಂದು ಜಮೀಲಮ್ಮ ಹೇಳಲಿಲ್ಲ. ಹಳೆಬಟ್ಟೆಗಳನ್ನು ಒತ್ತಿ ಸರಿಸಿ ಡಬ್ಬಕ್ಕೆ ಜಾಗ ಮಾಡಿದರು.

ಮುಂದಿನ ವಾರಗಳು ಆ ಮನೆಯಲ್ಲಿ ಚೆನ್ನಾಗಿಯೇ ಕಳೆದವು. ನಸೀಮಾ ಮಧ್ಯಾಹ್ನದ ಹೊತ್ತಿಗೆ ಬಾತ್‌ರೂಮು ಸೇರಿ ಅಕ್ಕನೊಂದಿಗೆ ಮಾತಾಡುತ್ತಿದ್ದಳು. ಕೆಲವು ದಿನ ಮಗುವಿನ ಬಗ್ಗೆ, ಕೆಲವು ದಿನ ಏನೂ ಇಲ್ಲ, ಬರೇ ಅಡುಗೆಯ ಮಾತು. ನಾಳೆ ಬೆಳಿಗ್ಗೆ ಮಾಡುವ ಒಂದು ಕೆಲಸವನ್ನು ಇವತ್ತೇ ಹೇಳಿ ಎಂದು ಅಕ್ಕ ಕೇಳುತ್ತಿದ್ದಳು, ಒಂದೇ ಒಂದು, ಸಣ್ಣದು. ಒಂದು ದಿನ ನಸೀಮಾ ನೀರುದೋಸೆ ಎಂದಳು. ಮರುದಿನ ಎದ್ದು ಹುಯ್ದಳು. ಮೊಹಿದ್ದೀನ್ ಕಾರಿನ ಕೀಲಿ ಕೆಳಗಿಟ್ಟು ಕೂತು ತಿಂದ, ಇನ್ನೆರಡು ಹಾಕು ಎಂದ. ಜಮೀಲಮ್ಮ ದೋಸೆಯ ಅಂಚು ಎತ್ತಿ ನೋಡಿ, ಹಿಟ್ಟು ದಪ್ಪವಾಯಿತು ಎಂದರು. ಅವರ ಬಾಯಲ್ಲಿ ಅದು ಹೊಗಳಿಕೆಯೇ. ಇಲ್ಹಾಮ್ ಬಸ್ಸು ತಪ್ಪಿಸಿಕೊಳ್ಳುವಷ್ಟು ಹೊತ್ತು ತಾಯಿಯ ಪಕ್ಕದಲ್ಲೇ ನಿಂತಿದ್ದಳು.

ಆಮೇಲೆ ಎದುರು ಫ್ಲಾಟಿನ ಮಲಯಾಳಿಗಳ ಮನೆಯಲ್ಲಿ ಗಂಡುಮಗು ಹುಟ್ಟಿತು. ಅವರು ಒಳ್ಳೆಯ ಮನಸ್ಸಿನಿಂದಲೇ ಒಂದು ತಟ್ಟೆ ಲಾಡು ಕಳಿಸಿದರು. ಜಮೀಲಮ್ಮ ತಟ್ಟೆಯನ್ನು ಟಿವಿಯ ಪಕ್ಕ ಇಟ್ಟರು. ಗೋಡೆ ತೆಳು ಎಂದೆನಲ್ಲ, ಮಗುವಿನ ಅಳುವೂ ಕೇಳುತ್ತಿತ್ತು.

ಆ ಮಧ್ಯಾಹ್ನ ನಸೀಮಾ ಫೋನಿನಲ್ಲಿ ಇವತ್ತು ಆಗುವುದಿಲ್ಲ ಅಕ್ಕ, ಇನ್ನು ಸಾಕು ಎಂದಳು. ನೀರು ಕುಡಿಯಲೂ ಒಪ್ಪಲಿಲ್ಲ. ಅಕ್ಕ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ಗಂಡನನ್ನು ಕರೆಯಿರಿ ಎಂದಳು. ಅಲ್ಲಿ ಯಾವ ಭಾಷೆಯಲ್ಲಿ ಹೇಳಲಿ, ಹೇಳಿದರೆ ಪೊಲೀಸು, ಇಲ್ಲಿರಲು ಕೊಟ್ಟ ಇಕಾಮಾ ರದ್ದು ಅಂತ ಏನೇನೋ ಆಗುತ್ತದಂತೆ, ಇವರ ಕೆಲಸಕ್ಕೇ ಕುತ್ತು ಬರುತ್ತದೆ ಎಂದಳು ನಸೀಮಾ. ಅದು ಎಷ್ಟು ನಿಜ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಭಯ ಮಾತ್ರ ನಿಜವಾಗಿತ್ತು. ನಸೀಮಾ ಮಾತು ನಿಲ್ಲಿಸಿದಳು. ಫೋನು ಕಟ್ಟಾದರೆ ಮುಗಿಯಿತು ಎಂದು ಅಕ್ಕನಿಗೆ ಅನಿಸಿತು. ಏನಾದರೂ ಮಾತಾಡಿಸಬೇಕು ಎಂಬ ಗಾಬರಿಯಲ್ಲಿ ಅವಳ ಬಾಯಿಗೆ ಬಂದದ್ದು ಹುಟ್ಟಿದಂದಿನಿಂದ ಬಾಯಲ್ಲಿದ್ದ ಮಾತು.

“ಊರಲ್ಲಿ ಎಲ್ಲಿ ನಿಮ್ಮದು?”

“ಕುಂಬ್ರ.”

“ಕುಂಬ್ರದಲ್ಲಿ ಯಾರ ಮನೆ?”

“ಬೀಡಿ ಬ್ರಾಂಚಿನ ಇದ್ದಿನಬ್ಬ ಅಂತ. ಅವರ ಸಣ್ಣ ಮಗಳು. ಕೊಟ್ಟದ್ದು ಸಾಲ್ಮರಕ್ಕೆ.”

ಕೇಳಬಾರದ್ದನ್ನು ಕೇಳಿದ್ದೂ, ಹೇಳಬಾರದ್ದನ್ನು ಹೇಳಿದ್ದೂ ಆಗಿಹೋಯಿತು. ಆದರೆ ಒಂದು ಮಾತು ಹೇಳಬೇಕು, ಆ ದಿನ ನಸೀಮಾಳನ್ನು ಉಳಿಸಿದ್ದು ಅದೇ ಪ್ರಶ್ನೆ. ಕಟ್ಟಿದ ಬೀಡಿ ಒಪ್ಪಿಸಲು ಊರವರು ಸಾಲು ನಿಲ್ಲುವ ಬ್ರಾಂಚಿನ ಜಗಲಿ, ಬೀಡಿಗೆ ಎಲೆ ಕತ್ತರಿಸುತ್ತಿದ್ದ ಉಮ್ಮ, ಅಂಗಳದ ಪೇರಳೆಮರ ಎಂದು ಹೇಳುತ್ತ ಹೇಳುತ್ತ ಅವಳ ಸ್ವರ ಸಮಕ್ಕೆ ಬಂತು. ಕೊನೆಗೆ ನೀರು ಕುಡಿದಳು. ನಾಳೆ ಮಾಡುತ್ತೇನೆ ಎಂದಳು.

ಆ ಅಕ್ಕನ ಹೆಸರು ಸಫಿಯತ್. ದಮ್ಮಾಮಿನಲ್ಲಿ ಅವಳ ಗಂಡನಿಗೆ ಟೈಲ್ಸಿನ ಅಂಗಡಿ. ಗೊತ್ತಾದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಅವಳಿಗೆ ಆಗಲಿಲ್ಲ. ಈ ಹುಡುಗಿ ನಿಜಕ್ಕೂ ಜೀವ ಕಳೆದುಕೊಂಡರೆ ಎಂಬ ಹೆದರಿಕೆ. ಬಳಗದ ಹಿರಿಯರಾದ ಅಬ್ದುಲ್ಲ ಕುಂಞಿ ಹಾಜಿಗೆ ಹೇಳಿದಳು. ಬೀಡಿ ಬ್ರಾಂಚಿನ ಇದ್ದಿನಬ್ಬನ ಮಗಳು, ಸಾಲ್ಮರಕ್ಕೆ ಕೊಟ್ಟದ್ದು ಎಂದರೆ ಹಾಜಿಗೆ ಮನೆ ಪತ್ತೆ ಮಾಡಲು ಒಂದು ಫೋನು ಸಾಕಾಯಿತು. ಆಸ್ಪತ್ರೆ, ಡಾಕ್ಟರು ಎಂದು ಸಫಿಯತ್ ಹೇಳಿದಳು. ಮೊದಲು ನಮ್ಮ ಕ್ರಮದಲ್ಲಿ ನೋಡುವಾ ಎಂದರು ಹಾಜಿ. ನಮ್ಮ ಕ್ರಮವೆಂದರೆ, ಯಾವ ಮನೆಯಲ್ಲಿ ತೊಂದರೆ ಇದೆಯೋ ಆ ಮನೆಗೆ ನಾಲ್ಕು ಮಂದಿ ಹಿರಿಯರು ಹೆಂಡಂದಿರ ಜತೆ ಹೋಗುವುದು, ಉಣ್ಣುವುದು, ಉಂಡ ಮೇಲೆ ಗಂಡನಿಗೆ ನಾಲ್ಕು ಒಳ್ಳೆಯ ಮಾತು ಹೇಳುವುದು. ಎಷ್ಟೋ ಮನೆಗಳು ಹಾಗೆ ಸರಿಯಾಗಿದ್ದವು. ಇದೂ ಅಂಥದ್ದೇ ಎಂದು ಅವರು ತಿಳಿದರು.

ಶುಕ್ರವಾರ ನಿಮ್ಮಲ್ಲಿಗೆ ಊಟಕ್ಕೆ ಬರುತ್ತೇವೆ ಎಂದು ಹಾಜಿ ಫೋನ್ ಮಾಡಿದಾಗ ಮೊಹಿದ್ದೀನ್ ಹಿಗ್ಗಿದ. ಇಷ್ಟು ವರ್ಷಗಳಲ್ಲಿ ಹಾಜಿ ಅವನ ಮನೆಯ ಮೆಟ್ಟಿಲು ಹತ್ತಿದ್ದಿಲ್ಲ. ತುಪ್ಪದನ್ನ ಮಾಡು, ಕೋಳಿ ಸುಕ್ಕ ಮಾಡು, ಅಕ್ಕಿರೊಟ್ಟಿಯೂ ಇರಲಿ ಎಂದು ಹೆಂಡತಿಗೆ ಹೇಳಿದ. ತನಗೆ ಆಗುವುದಿಲ್ಲ, ಹೋಟೆಲಿನಿಂದ ತರಿಸಿ ಎಂದಳು ನಸೀಮಾ. ಹಾಜಿಗೆ ಹೋಟೆಲಿನ ಊಟ ಹಾಕುವುದಾ ಎಂದು ಜಮೀಲಮ್ಮ ಮುಖ ಸಿಂಡರಿಸಿದರು. ಸರಿ, ಗುರುವಾರ ಸಂಜೆ ಈರುಳ್ಳಿ ಹೆಚ್ಚಿ, ಶುಕ್ರವಾರ ಬೆಳಿಗ್ಗೆ ಎದ್ದು ಒಲೆಯ ಮುಂದೆ ನಿಂತು, ನೆಟ್ಟಗೆ ನಿಲ್ಲಲಾರದ ಹೆಂಗಸು ಅಷ್ಟು ಮಂದಿಗೆ ಬೇಯಿಸಿದಳು. ತನ್ನ ಮನಸ್ಸಿನ ಭಾರ ಇಳಿಸಲೆಂದೇ ಅವರು ಬರುತ್ತಿದ್ದಾರೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಊಟ ಚೆನ್ನಾಗಿಯೇ ಆಯಿತು. ಗಂಡಸರು ಹೊರಕೋಣೆಯಲ್ಲಿ, ಹೆಂಗಸರು ಒಳಕೋಣೆಯಲ್ಲಿ, ನಡುವೆ ಒಂದು ಪರದೆ. ಕೈ ತೊಳೆದು ಕೂತ ಮೇಲೆ ಹಾಜಿಯ ಸ್ವರ ಮೆತ್ತಗಾಯಿತು. ಮಗು ಹೋದ ಮೇಲೆ ಹೆಂಗಸರ ಮನಸ್ಸು ಗಾಜಿನ ಹಾಗೆ, ನೋಡಿಕೊಳ್ಳಬೇಕು ಮೊಹಿದ್ದೀನೇ, ವಾರಕ್ಕೊಮ್ಮೆ ಕಡಲ ಬದಿಯ ಕಾರ್ನಿಶ್‌ಗೆ ಕರೆದುಕೊಂಡು ಹೋಗು, ಸಾಧ್ಯವಾದರೆ ಒಂದು ಉಮ್ರಾ ಮಾಡಿಸು, ಜೀವ ಕಳೆದುಕೊಳ್ಳುವ ಮಾತೆಲ್ಲ ಒಳ್ಳೆಯದಲ್ಲ ಎಂದರು. ಮೊಹಿದ್ದೀನನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಕಿವಿಯವರೆಗೆ ಕೆಂಪೇರಿತು.

“ಯಾರು ಹೇಳಿದ್ದು ನಿಮಗೆ?”

ಹೇಳಿದವರು ನಿನ್ನ ಒಳ್ಳೆಯದಕ್ಕೇ ಹೇಳಿದ್ದು ಎಂದರು ಹಾಜಿ.

ಪರದೆಯ ಈಚೆ ನಸೀಮಾ ಸುಲೈಮಾನಿ ಚಹಾದ ಟ್ರೇ ಹಿಡಿದು ನಿಂತಿದ್ದಳು. ಹೆಂಗಸರೆಲ್ಲ ಅವಳತ್ತ ನೋಡಿದರು. ಲೋಟಗಳು ಸದ್ದು ಮಾಡತೊಡಗಿದಾಗ, ಬಂದಾಗಿನಿಂದ ಬಾಯಿ ಬಿಡದೆ ಮೂಲೆಯಲ್ಲಿ ಕೂತಿದ್ದ ಒಬ್ಬಳು ಎದ್ದು ಟ್ರೇ ತೆಗೆದುಕೊಂಡಳು.

“ಮೊದಲು ಒಂದು ಗ್ಲಾಸು ನೀರು ತಕೊಳ್ಳಿ. ಕೂತು ಕುಡೀರಿ.”

ನಸೀಮಾ ಅವಳ ಮುಖ ನೋಡಿದಳು. ಅಷ್ಟು ಮಧ್ಯಾಹ್ನಗಳಲ್ಲಿ ಆ ಸ್ವರಕ್ಕೆ ಅವಳೇ ಒಂದು ಮುಖ ಕೊಟ್ಟುಕೊಂಡಿದ್ದಳು, ಅದು ಇದಲ್ಲ. ಸಫಿಯತ್‌ಳ ಕಣ್ಣಲ್ಲಿ ನೀರಿತ್ತು. ತನಗೆ ಬೇರೆ ದಾರಿ ತೋಚಲಿಲ್ಲ, ಮಾಫ್ ಮಾಡಿ ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ನಸೀಮಾ ನೀರು ಕುಡಿದಳು. ಕುಡಿದು ಲೋಟ ಕೆಳಗಿಟ್ಟು, ಇನ್ನೂ ರೊಟ್ಟಿ ಉಂಟು, ಯಾರಿಗಾದರೂ ಕಟ್ಟಿ ಕೊಡಲಾ ಎಂದು ಎಲ್ಲರನ್ನೂ ಕೇಳಿದಳು.

ಅವರು ಹೋದ ಮೇಲೆ ಮೊಹಿದ್ದೀನ್ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿ ಇತ್ತು.

“ನನಗೆ ಒಂದು ಮಾತು ಹೇಳಬಹುದಿತ್ತಲ್ಲ ನಸೀಮಾ. ಊರವರಿಗೆ ಹೇಳುವ ಮೊದಲು ನನಗೆ.”

“ನಿಮ್ಮ ಹತ್ತಿರ ಕೇಳಿದ್ದೆ. ನೀವು ಅನ್ನ ಕಲಸುತ್ತ ಇದ್ದಿರಿ.”

ಅವನಿಗೆ ಆ ಮಧ್ಯಾಹ್ನ ನೆನಪಾಯಿತೋ ಇಲ್ಲವೋ, ಫ್ರಿಜ್ಜಿನ ಮ್ಯಾಗ್ನೆಟಿನತ್ತ ನೋಡಿ, ಇನ್ನು ಆ ನಂಬರಿಗೆ ಮಾಡಬೇಡ ಎಂದಷ್ಟೇ ಹೇಳಿದ. ಜಮೀಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಬಾಣಂತನದಲ್ಲಿ ತಾನೇನು ಕಡಿಮೆ ಮಾಡಿದೆ, ಹೊರಗಿನವರ ಮುಂದೆ ತನ್ನ ಮಾನ ಹೋಯಿತು ಎಂದರು. ನಸೀಮಾ ಇಬ್ಬರಿಗೂ ಹೂಂ ಎಂದಳು. ಅವಳ ಬಾಯಿಂದ ಬಂದ ಕೊನೆಯ ನಿಜ ಆ ಅನ್ನ ಕಲಸುವ ಮಾತೇ.

ಸಫಿಯತ್ ಆ ವಾರವೇ ಬಳಗದ ಮೊಬೈಲನ್ನು ಹಿಂದಕ್ಕೆ ಕೊಟ್ಟಳು. ತಾನು ಈ ಕೆಲಸಕ್ಕೆ ಲಾಯಕ್ಕಲ್ಲ ಎಂದಳಂತೆ. ನಿಜ ಹೇಳಬೇಕೆಂದರೆ ಅಲ್ಲಿ ಲಾಯಕ್ಕಿದ್ದವಳು ಅವಳೊಬ್ಬಳೇ. ಹಾಜಿಯ ಹೆಂಡತಿ ಎರಡು ಸಲ ಕ್ಯಾಸರೋಲಿನಲ್ಲಿ ತಿಂಡಿ ಕಳಿಸಿದರು. ಹೆಂಗಸರ ವಾಟ್ಸಾಪ್ ಗ್ರೂಪಿನಲ್ಲಿ ದಿನವೂ ಸಬರಿನ, ತಾಳ್ಮೆಯ ಬಗ್ಗೆ ಒಂದೊಂದು ಮೆಸೇಜು, ಯಾರಿಗೆ ಎಂದು ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು. ಜುಮಾ ಮುಗಿದ ಮೇಲೆ ಪರಿಚಯದವರು ಮೊಹಿದ್ದೀನನ ಕೈಯನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದು ಮನೆಯಲ್ಲಿ ಹೇಗಿದ್ದಾರೆ ಎನ್ನುತ್ತಿದ್ದರು. ಅವನು ನಮಾಜಿಗೆ ದೂರದ ಬೇರೆ ಮಸೀದಿ ಹುಡುಕಿಕೊಂಡ.

ಆದರೆ ಹಾಜಿ ಹೇಳಿದ್ದನ್ನು ಅವನು ನಿಯತ್ತಿನಿಂದ ಮಾಡಿದ. ವಾರಕ್ಕೊಮ್ಮೆ ಎಲ್ಲರನ್ನೂ ಕಾರ್ನಿಶ್‌ಗೆ ಕರೆದೊಯ್ದ. ಹುಲ್ಲಿನ ಮೇಲೆ ಚಾಪೆ ಹಾಸಿ, ಐಸ್‌ಕ್ರೀಮ್ ಕೊಡಿಸಿ, ಈಗ ಹೇಗುಂಟು ಎಂದು ಕೇಳುತ್ತಿದ್ದ. ಒಳ್ಳೆಯದುಂಟು ಎನ್ನುತ್ತಿದ್ದಳು ನಸೀಮಾ. ನಿಜಕ್ಕೂ ಅವಳು ಬದಲಾದಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳತೊಡಗಿದಳು. ಒಲೆಯ ಮೂಲೆಯ ಜಿಡ್ಡು ಉಜ್ಜಿದಳು, ಪರದೆಗಳನ್ನು ಬಿಚ್ಚಿ ಒಗೆದಳು. ಎದುರು ಫ್ಲಾಟಿನ ಮಗುವನ್ನು ಒಮ್ಮೆ ಎತ್ತಿಕೊಂಡು ಬಂದು ಅತ್ತೆಗೆ ತೋರಿಸಿದಳು. ಹಾಜಿಯ ಬಾಯಲ್ಲಿ ಬರ್ಕತ್ ಉಂಟು ಎಂದರು ಜಮೀಲಮ್ಮ. ಪಾತ್ರೆಗಳ ಸದ್ದು ನಿಂತಿತು. ಮೊಹಿದ್ದೀನ್ ದಪ್ಪಗಾದ.

ಜಮೀಲಮ್ಮನ ವೀಸಾ ಮುಗಿಯುತ್ತ ಬಂತು. ಸೂಟ್‌ಕೇಸು ಕಟ್ಟಲು ಕೂತಾಗ ನಸೀಮಾ ತನ್ನ ಒಳ್ಳೆಯ ಮ್ಯಾಕ್ಸಿಗಳು, ಮದುವೆಯ ಸೀರೆ, ಒಂದೆರಡೇ ಸಲ ಉಟ್ಟ ಅಬಾಯ ಎಲ್ಲ ತಂದು, ಇದು ನನ್ನ ಅಕ್ಕನಿಗೆ, ಇದು ನಿಮ್ಮ ಮಗಳಿಗೆ ಎಂದು ಹಂಚಿದಳು. ಸೊಸೆಗೆ ಇಷ್ಟು ದೊಡ್ಡ ಮನಸ್ಸು ಎಲ್ಲಿಂದ ಬಂತೆಂದು ಜಮೀಲಮ್ಮನಿಗೆ ಆಶ್ಚರ್ಯವಾಯಿತು. ಅವರು ಸೂಟ್‌ಕೇಸಿನ ಅಡಿಯಿಂದ ನೀಲಿ ಡಬ್ಬ ತೆಗೆದು ಅವಳ ಕೈಗೆ ಕೊಟ್ಟರು.

“ನನ್ನದು ನಾನು ತೆಗೆದುಕೊಂಡಿದ್ದೇನೆ. ಉಳಿದದ್ದು ನೀನೇ ಇಟ್ಟುಕೋ. ಈಗ ನೀನು ಸರಿ ಆದೆಯಲ್ಲ, ಅಲ್ ಹಮ್ದುಲಿಲ್ಲಾಹ್.”

“ಹೂಂ ಮಾಮಿ,” ಎಂದು ನಸೀಮಾ ಡಬ್ಬವನ್ನು ಅಡುಗೆಮನೆಯ ಮೇಲಿನ ಕಪಾಟಿನಲ್ಲಿಟ್ಟಳು. ಹಳೆಬಟ್ಟೆಗಳನ್ನು ಮಾತ್ರ ಬಿಟ್ಟು ಹೋಗಿ ಎಂದು ಕೇಳಿದಳು. ಜಮೀಲಮ್ಮ ಬಿಟ್ಟು ಹೋದರು.

ಇದನ್ನೆಲ್ಲ ಬಾಗಿಲ ಹತ್ತಿರ ನಿಂತು ನೋಡಿದವಳು ಇಲ್ಹಾಮ್. ತಾಯಿ ತನಗೂ ಬಳೆ ಕೊಟ್ಟಿದ್ದಳು, ಸದಾ ಕೈಯಲ್ಲಿರುತ್ತಿದ್ದ ಬಳೆ. ಈಚೆಗೆ ಸಂಜೆ ಕೂರಿಸಿಕೊಂಡು ಕೆಲಸ ಕಲಿಸುತ್ತಿದ್ದಳು. ಬಿಳಿ ಬಟ್ಟೆಗೆ ಮೆಷಿನಿನ ಯಾವ ಗುಂಡಿ, ಅಪ್ಪನ ಸಾರಿಗೆ ಎಷ್ಟು ಹುಳಿ, ಅಕ್ಕಿರೊಟ್ಟಿಯ ಹಿಟ್ಟಿಗೆ ನೀರು ಎಷ್ಟು ಬಿಸಿ. ಸ್ಕೂಲಿನ ಅಸೆಂಬ್ಲಿಯಲ್ಲಿ ಒಬ್ಬ ಮೇಡಮ್ ಬಂದು ಇಂಗ್ಲಿಷಿನಲ್ಲಿ ಹೇಳಿದ್ದಳು. ಬಹಳ ದಿನ ಕುಗ್ಗಿದ್ದವರು ಇದ್ದಕ್ಕಿದ್ದಂತೆ ಶಾಂತರಾದರೆ, ಇಷ್ಟದ ವಸ್ತುಗಳನ್ನು ಕೊಟ್ಟುಬಿಟ್ಟರೆ ಸುಮ್ಮನಿರಬೇಡಿ, ದೊಡ್ಡವರಿಗೆ ಹೇಳಿ ಎಂದು. ಉಳಿದ ಹುಡುಗಿಯರು ಆಕಳಿಸುತ್ತಿದ್ದರು. ಇಲ್ಹಾಮ್ ಮಾತ್ರ ಒಂದೊಂದು ಮಾತನ್ನೂ ಕೇಳಿಸಿಕೊಂಡಿದ್ದಳು.

ಅಜ್ಜಿಯನ್ನು ಏರ್‌ಪೋರ್ಟಿಗೆ ಬಿಟ್ಟು ಬರುವಾಗ ಕಾರಿನಲ್ಲಿ ಅವಳೂ ಅವಳ ಉಪ್ಪ ಮೊಹಿದ್ದೀನನೂ ಇಬ್ಬರೇ. ಅವಳು ದೊಡ್ಡವರಿಗೆ ಹೇಳಿದಳು.

“ಉಪ್ಪ, ಉಮ್ಮ ಓಕೆ ಇಲ್ಲ. ಎಲ್ಲ ಕೊಟ್ಟು ಖಾಲಿ ಮಾಡ್ತಾ ಇದ್ದಾರೆ. ಡಾಕ್ಟರ್ ಹತ್ರ ಹೋಗುವಾ.”

“ಸರಿಯಾಗಿದ್ದಾಳೆ ಮಗಾ. ನಗ್ತಾಳೆ, ಅಡುಗೆ ಮಾಡ್ತಾಳೆ. ಇನ್ನು ನೀನು ಅದನ್ನು ಕೆದಕಬೇಡ. ದುಆ ಮಾಡು.”

ಅವನ ಸ್ವರದಲ್ಲಿ ಸಿಟ್ಟಿರಲಿಲ್ಲ, ಬೇಡಿಕೊಳ್ಳುವಂತಿತ್ತು. ತನ್ನ ಮನೆ ಸರಿಯಾಗಿದೆ ಎಂದು ಅವನು ನಂಬಲೇಬೇಕಿತ್ತು.

ಮರುದಿನ ಸಂಜೆ ತಾಯಿ ರೊಟ್ಟಿ ತಟ್ಟುತ್ತಿದ್ದಾಗ ಇಲ್ಹಾಮ್ ಟೈಮ್‌ಟೇಬಲ್ ನೋಡುವವಳಂತೆ ನಿಂತು ಮ್ಯಾಗ್ನೆಟಿನ ನಂಬರು ನೋಡಿಕೊಂಡಳು. ಕನ್ನಡ ಅವಳಿಗೆ ಕೂಡಿಸಿ ಕೂಡಿಸಿ ಓದಬೇಕು, ನಂಬರಿಗೆ ಭಾಷೆಯ ಕಷ್ಟವಿಲ್ಲ. ಕೋಣೆಯ ಬಾಗಿಲು ಹಾಕಿ ಫೋನ್ ಮಾಡಿದಳು. ಸಂಜೆಯ ಪಾಳಿ ಅಲಿಯಬ್ಬನದು. ಸೂಪರ್‌ಮಾರ್ಕೆಟಿನಲ್ಲಿ ಮ್ಯಾನೇಜರು, ಎಲ್ಲರನ್ನೂ ಮಕ್ಕಳೆಂದೇ ಮಾತಾಡಿಸುವ ಮನುಷ್ಯ.

“ಹಲೋ,” ಎಂದಳು ಇಲ್ಹಾಮ್. “ನನ್ನ ಉಮ್ಮನ ವಿಷಯ ಹೇಳಲಿಕ್ಕೆ. ಅವರು…”

ಮುಂದಿನದು ಅಳುವಿನಲ್ಲಿ ಹೋಯಿತು. ಪಾಪದ ಹುಡುಗಿ, ಹೆದರಿದ್ದಾಳೆ, ಮಾತಾಡಿಸಿ ಧೈರ್ಯ ಕೊಡಬೇಕು ಎಂದು ಅಲಿಯಬ್ಬನಿಗೆ ಅನಿಸಿತು.

“ಅಳಬೇಡ ಮಗಳೇ, ನಾವೆಲ್ಲ ಇದ್ದೇವೆ. ಊರಲ್ಲಿ ಎಲ್ಲಿ ನಿಮ್ಮದು? ಯಾರ ಮಗಳು?”

ಇಲ್ಹಾಮಳ ಕಣ್ಣಿಗೆ ಆ ಶುಕ್ರವಾರ ಹೊರಕೋಣೆಯಲ್ಲಿ ಹಾಸಿದ್ದ ಚಾಪೆ ಕಂಡಿತು. ಸಾಲಾಗಿ ಕೂತ ಹಿರಿಯರು ಕಂಡರು, ಟ್ರೇ ಹಿಡಿದ ಉಮ್ಮ ಕಂಡಳು. ಇನ್ನೊಂದು ಶುಕ್ರವಾರ, ಇನ್ನೊಂದು ತುಪ್ಪದನ್ನ. ಅವಳು ಫೋನ್ ಕಟ್ ಮಾಡಿದಳು. ಅಲಿಯಬ್ಬ ನಾಲ್ಕು ಸಲ ಹಲೋ ಎಂದ. ತಿರುಗಿ ಮಾಡಲೇ ಎಂದು ಯೋಚಿಸಿದ. ತಾವಾಗಿ ತಿರುಗಿ ಮಾಡಬಾರದು ಎಂಬ ನಿಯಮ ನೆನಪಿಗೆ ಬಂದು, ಅದೊಂದನ್ನು ಪಾಲಿಸಿದ.

ಊಟಕ್ಕೆ ಕೂತಾಗ ನಸೀಮಾ, ಇವತ್ತು ನೀನು ಬಡಿಸು, ನಾನು ನೋಡುತ್ತೇನೆ ಎಂದಳು. ಇಲ್ಹಾಮ್ ಬಡಿಸಿದಳು. ಉಪ್ಪನಿಗೆ ಮೊದಲು, ಆಮೇಲೆ ಉಮ್ಮನಿಗೆ. ಮಗಳು ಕಲಿತಳು ಎಂದು ಮೊಹಿದ್ದೀನ್ ನಕ್ಕ. ನಸೀಮಾ ಕೂಡ ನಕ್ಕು, ಇನ್ನು ನಿಮಗೆ ಚಿಂತೆಯಿಲ್ಲ ಎಂದಳು.

ಬೆಳಿಗ್ಗೆ ತಾಯಿ ಟಿಫಿನ್ ಕಟ್ಟಿ ಸ್ನಾನಕ್ಕೆ ಹೋದಾಗ ಇಲ್ಹಾಮ್ ಸ್ಟೂಲು ಹತ್ತಿ ಕಪಾಟಿನಿಂದ ನೀಲಿ ಡಬ್ಬ ತೆಗೆದಳು. ಮನೆಯಲ್ಲಿ ಬೀಗವಿದ್ದದ್ದು ಅಜ್ಜಿಯ ಸೂಟ್‌ಕೇಸಿಗೊಂದೇ, ಅದು ಊರು ಸೇರಿತ್ತು. ಡಬ್ಬವನ್ನು ಸ್ಕೂಲ್ ಬ್ಯಾಗಿನ ಅಡಿಯಲ್ಲಿ, ಪುಸ್ತಕಗಳ ಕೆಳಗೆ ತಳ್ಳಿದಳು. ಬೇರೆ ಯಾರಿಗೆ ಕೊಡುವುದೆಂದು ಅವಳಿಗೆ ಗೊತ್ತಿರಲಿಲ್ಲ.

ಉಪ್ಪನ ಕಾರು ಆಗಲೇ ಹೋಗಿತ್ತು. ಬಸ್ಸು ಹತ್ತಿ ಕೂತು ಇಲ್ಹಾಮ್ ಮೇಲೆ ನೋಡಿದಳು. ಒಗೆದ ಪರದೆ ಸರಿಸಿ ಉಮ್ಮ ಕಿಟಕಿಯಲ್ಲಿ ನಿಂತು ಕೈ ಬೀಸುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಒಂದು ದಿನವೂ ಅವಳು ಕಿಟಕಿಗೆ ಬಂದವಳಲ್ಲ. ಇಲ್ಹಾಮ್ ಬ್ಯಾಗನ್ನು ಎದೆಗೆ ಒತ್ತಿಕೊಂಡಳು. ಡಬ್ಬ ತನ್ನ ಹತ್ತಿರ ಇದೆ, ಆದರೆ ಉಮ್ಮ ಇಡೀ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಬಸ್ಸು ತಿರುವಿಗೆ ಬಂದಾಗ ನಿಲ್ಲಿಸಿ ಎನ್ನಬೇಕೆಂದು ಎದ್ದು ನಿಂತಳು. ಯಾಕೆ ಎಂದು ಡ್ರೈವರು ಕನ್ನಡಿಯಲ್ಲಿ ನೋಡಿ ಕೇಳಿದ. ಏನು ಹೇಳುವುದೆಂದು ತಿಳಿಯದೆ ಅವಳು ಮತ್ತೆ ಕೂತಳು.